ರೇಷ್ಮೆಗೆ ಸಿಕ್ಕುವ ಬೆರಳು

ಮದುವೆಯ ಬಿಳಿ ಕಿಮೊನೊಗೆ ತೋಳು ಕೂಡಿಸುತ್ತಿದ್ದಾಗ ಇಕುಯೊಳ ಹೆಬ್ಬೆರಳು ರೇಷ್ಮೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಒಂದು ಎಳೆ ಮೇಲೆದ್ದುಬಿಟ್ಟಿತ್ತು.

ಎದುರಿಗೆ ಕೂತಿದ್ದ ಅತ್ತೆ ಫುಸಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಕೈಯೋ, ಮೀನಿನ ಹುರುಪೆಯೋ?"

"ಎರಡು ವಾರದಿಂದ ಹೀಗಾಗಿದೆ ಅತ್ತೆ. ಮೊಣಕಾಲು, ಮೊಣಕೈ ಎಲ್ಲಾ ಬಿರಿದಿದೆ."

"ನಲವತ್ತೆಂಟಾಯ್ತಲ್ಲ, ಮುಟ್ಟು ನಿಲ್ಲೋ ಕಾಲ. ನನಗೂ ಆಗಿತ್ತು. ನಾನೇನು ಸೂಜಿ ಕೆಳಗಿಟ್ಟೆನಾ?"

ಜಪಾನಿನ ಕನಜಾವಾ ಊರಿನ ಓಣಿಯೊಂದರಲ್ಲಿ, ಅತ್ತೆಯ ಮನೆಯಲ್ಲಿ, ಇಕುಯೊ ಹೊಲಿಗೆಗೆ ಕೂತು ಇಪ್ಪತ್ತಮೂರು ವರ್ಷವಾಗಿತ್ತು. ಗಂಡ ಸತ್ತಾಗ ತವರಿಗೆ ಹೊರಟವಳನ್ನು ಅತ್ತೆ ತಡೆದಿದ್ದರು: "ಒಪ್ಕೊಂಡಿರೋ ಬಟ್ಟೆ ಮುಗಿಸಿ ಹೋಗು." ಆ ಬಟ್ಟೆ ಒಂಬತ್ತು ವರ್ಷವಾದರೂ ಮುಗಿದಿರಲಿಲ್ಲ.

ಎಣ್ಣೆ ಹಚ್ಚಿದರೆ ರೇಷ್ಮೆಗೆ ಕಲೆ. ಹಚ್ಚದಿದ್ದರೆ ಬೆರಳು ಸಿಕ್ಕುತ್ತದೆ. ಕೈಗವಸು ಹಾಕಿದರೆ ಸೂಜಿಯ ಮೊನೆ ಗೊತ್ತಾಗುವುದಿಲ್ಲ. ಹಿಮ್ಮಡಿ ತಿಕ್ಕುವ ಒರಟು ಕಲ್ಲಿನಿಂದ ಬೆರಳನ್ನೇ ತಿಕ್ಕಿಕೊಂಡಳು, ರಕ್ತ ಬಂತು. ಬಿಳಿ ಬಟ್ಟೆಯ ಮುಂದೆ ರಕ್ತ ಕಂಡ ಮೇಲೆ ಅತ್ತೆಯೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದರು.

ಡಾಕ್ಟರಮ್ಮ ಅಂಗೈ ತಿರುಗಿಸಿ ನೋಡಿದರು. "ಚಳಿ ಜಾಸ್ತಿ ಆಗುತ್ತಾ?"

"ಸೆಪ್ಟೆಂಬರಿನಲ್ಲೇ ಉಣ್ಣೆ ಬಟ್ಟೆ ಹಾಕ್ಕೊಂಡಿದ್ದೀನಿ."

"ಸುಸ್ತು?"

"ಕೂತಲ್ಲೇ ನಿದ್ದೆ ಬರುತ್ತೆ."

"ಸೋಮಾರಿತನ," ಎಂದರು ಫುಸಾ.

"ಇರಬಹುದು," ಡಾಕ್ಟರಮ್ಮ ನಕ್ಕರು. "ಆದ್ರೂ ರಕ್ತ ನೋಡೋಣ."

ವರದಿಗೆ ಒಂದು ವಾರ. ಅಷ್ಟು ದಿನ ಇಕುಯೊ ಸೂಜಿ ಮುಟ್ಟಲಿಲ್ಲ. ಕೈಗೆ ಕಮೀಲಿಯಾ ಬೀಜದ ಎಣ್ಣೆ ಬಳಿದುಕೊಂಡು, ಏನೂ ಮಾಡದೆ ನದಿಯ ದಡದಲ್ಲಿ ಓಡಾಡಿದಳು. ಮೂರನೆಯ ದಿನ ಅವಳಿಗೇ ಹೆದರಿಕೆಯಾಗುವಂಥ ಆಸೆಯೊಂದು ಹುಟ್ಟಿತು: ಈ ಕೈ ಇನ್ನು ವಾಸಿಯಾಗದು, ರೇಷ್ಮೆ ಮುಟ್ಟಲೇಬೇಡಿ ಎಂದು ಡಾಕ್ಟರಮ್ಮ ಹೇಳಿಬಿಡಲಿ. ಆಗ ಅತ್ತೆಗೂ ಹಿಡಿದಿಟ್ಟುಕೊಳ್ಳಲು ನೆಪವಿರುವುದಿಲ್ಲ. ಸಮುದ್ರದ ದಡದ ಊರಿನಲ್ಲಿದ್ದ ಅಕ್ಕನಿಗೆ ಫೋನು ಕೂಡ ಮಾಡಿದಳು. "ಬಾರೇ, ಒಂದು ಕೋಣೆ ಖಾಲಿ ಇದೆ," ಎಂದಳು ಅಕ್ಕ.

"ಥೈರಾಯ್ಡ್ ಕಡಿಮೆಯಾಗಿದೆ," ಡಾಕ್ಟರಮ್ಮ ವರದಿ ತೋರಿಸಿದರು. "ವಯಸ್ಸಿಗೆ ಚರ್ಮ ಒಣಗುತ್ತೆ ಅಂತ ಎಲ್ಲರೂ ಸುಮ್ನಿರ್ತಾರೆ, ಇದು ಬೇರೆ. ದಿನಾ ಬೆಳಿಗ್ಗೆ ಒಂದು ಗುಳಿಗೆ. ಕೆಲವು ತಿಂಗಳಲ್ಲಿ ಚರ್ಮ ಮೊದಲಿನ ಹಾಗೆ ಆಗುತ್ತೆ."

"ಪೂರ್ತಿ ವಾಸಿಯಾಗುತ್ತಾ?" ಇಕುಯೊ ಕೇಳಿದಳು.

"ಖಂಡಿತ. ಭಯಪಡಬೇಡಿ."

ಫುಸಾ ಎದ್ದು ಡಾಕ್ಟರಮ್ಮನಿಗೆ ಸೊಂಟ ಬಗ್ಗಿಸಿ ಎರಡು ಸಲ ನಮಸ್ಕರಿಸಿದರು. ಹೊರಗೆ ಬಂದ ಮೇಲೆ ಸೊಸೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಅವರು ಹಾಗೆ ಹಿಡಿದದ್ದು ಅದೇ ಮೊದಲು.

"ದೇವರು ದೊಡ್ಡವನು ಕಣೇ. ವಸಂತಕ್ಕೆ ಮೂರು ಮದುವೆ ಬಟ್ಟೆ ಒಪ್ಕೋಬಹುದು."

"ಅಕ್ಕನ ಊರಿಗೆ ಸ್ವಲ್ಪ ದಿನ..."

"ಹೋಗಿ ಬಾ. ಮೊದಲು ಕೈ ವಾಸಿಯಾಗಲಿ, ಬಟ್ಟೆ ಮುಗೀಲಿ."

ಇಕುಯೊ ಕೈ ಬಿಡಿಸಿಕೊಳ್ಳಲು ನೋಡಿದಳು. ಮುದುಕಿಯ ಹಿಡಿತ ಗಟ್ಟಿಯಾಗಿತ್ತು. ಬಸ್ಸು ಬಂತು, ಇಬ್ಬರೂ ಹತ್ತಿದರು.