ಕೆಂಪು ಕೊಡೆಯ ಬಂಗಡೆ

ಅಂಕೋಲೆಯ ಮೀನುಪೇಟೆಯಲ್ಲಿ ತಿಮ್ಮಿಗೆ ಯಾರ ಮೇಲೂ ಹಗೆಯಿರಲಿಲ್ಲ, ಹೊನ್ನಮ್ಮ ಒಬ್ಬಳನ್ನು ಬಿಟ್ಟು. ಅದೂ ಈ ಬೇಸಿಗೆಯಿಂದೀಚೆಗೆ. ಮೊದಲೆಲ್ಲ ಇಬ್ಬರೂ ಕೇಣಿಯಿಂದ ಒಂದೇ ಟೆಂಪೋದಲ್ಲಿ ಬುಟ್ಟಿಗೆ ಬುಟ್ಟಿ ತಾಗಿಸಿಕೊಂಡು ಬರುತ್ತಿದ್ದರು, ಒಂದೇ ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು. ಮೀನೂ ಒಂದೇ ದೋಣಿಯದು. ದೋಣಿಯ ಸುಭಾಷ ಸುರಿದ ರಾಶಿಯಲ್ಲಿ ಇವಳಿಗೆ ಅರ್ಧ, ಅವಳಿಗೆ ಅರ್ಧ.

ಬೇಸಿಗೆಯ ಮೊದಲಿಗೆ ಹೊನ್ನಮ್ಮನ ಅಳಿಯ ಬೀರಾ ಅವಳಿಗೆ ದೊಡ್ಡದೊಂದು ಕೆಂಪು ಕೊಡೆ ತಂದು ನೆಟ್ಟ. ತಿಮ್ಮಿಗೆ ಅಳಿಯನೂ ಇಲ್ಲ, ಕೊಡೆಯೂ ಇಲ್ಲ. ಹಠಕ್ಕೆ ಬಿದ್ದು ಮರುದಿನವೇ ಹೊಚ್ಚಹೊಸ ನೀಲಿ ತಾಡಪತ್ರಿಯನ್ನು ತಲೆಯ ಮೇಲೆ ಕಟ್ಟಿಸಿದಳು. ಅಂದಿನಿಂದ ಶುರುವಾಯಿತು. ಹೊನ್ನಮ್ಮನ ಮುಂದೆ ಗಿರಾಕಿ, ತಿಮ್ಮಿಯ ಮುಂದೆ ನೊಣ.

ಉಳಿದವರು ಹೋದರೆ ಹೋಗಲಿ. ಉದಯ ಮಾಸ್ತರರು ಹೋದದ್ದು ಮಾತ್ರ ಅವಳ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಅವಳ ಅತ್ತೆ ಬುಟ್ಟಿ ಹೊರುತ್ತಿದ್ದ ಕಾಲದಿಂದ ಆ ಮನೆಗೆ ಇವರದೇ ಮೀನು. ಅಂಥವರು ಒಂದು ಬೆಳಿಗ್ಗೆ ಇವಳ ಬಂಗಡೆಯ ಕಿವಿರು ಎತ್ತಿ ನೋಡಿ, "ಕಪ್ಪಗಾಗಿದೆಯಲ್ಲೇ ತಿಮ್ಮಿ, ನಿನ್ನೆಯದೋ?" ಎಂದರು.

"ನಿನ್ನೇದಲ್ಲ, ನಿಮ್ಮಜ್ಜನ ಕಾಲದ್ದು! ಕೆಂಪೇ ಬೇಕಂದ್ರೆ ಹೋಗಿ ಕುಂಕುಮ ತಗಣಿ!" ಎಂದು ತಿಮ್ಮಿ ಹಾರಿಬಿದ್ದಳು. ಮಾಸ್ತರರು ಹೋದರು, ಕುಂಕುಮಕ್ಕಲ್ಲ, ಹೊನ್ನಮ್ಮನ ಹತ್ತಿರ. ಅಲ್ಲಿ ಬಂಗಡೆಯ ಕಿವಿರು ದಾಸವಾಳದ ಹಾಗೆ ಕೆಂಪಗಿತ್ತು.

ತಿಮ್ಮಿ ತಾನೇ ತನ್ನ ಮೀನನ್ನು ಎತ್ತಿ ನೋಡಿದಳು. ಕಪ್ಪಗಿದ್ದದ್ದು ಸುಳ್ಳಲ್ಲ. ಹಾಗಾದರೆ ಇದು ಕಣ್ಣುಬಿದ್ದದ್ದೇ. ಆ ಸಂಜೆ ಉಪ್ಪು, ಒಣಮೆಣಸು ಹಿಡಿದು ಖಾಲಿ ಬುಟ್ಟಿಗೆ ದೃಷ್ಟಿ ಇಳಿತೆಗೆದಳು: "ನಾಯಿ ಕಣ್ಣು, ನರಿ ಕಣ್ಣು, ಹೊನ್ನಿ ಕಣ್ಣು..." ಮೆಣಸು ಒಲೆಯಲ್ಲಿ ಚಟಪಟ ಎಂದಿತು. ಮರುದಿನವೂ ಕಿವಿರು ಕಪ್ಪೇ.

ಅವಳ ಮಗನ ಮಗಳು ದೀಕ್ಷಾ ಊರ ಶಾಲೆಯಲ್ಲಿ ನಾಲ್ಕನೆಯ ತರಗತಿ. ಅಲ್ಲಿಗೆ ಹೊಸದಾಗಿ ಬಂದ ಯೋಗಿತಾ ಅಕ್ಕೋರು ಮಕ್ಕಳಿಂದ ಒಂದಲ್ಲ ಒಂದು ಮಾಡಿಸುತ್ತಲೇ ಇರುತ್ತಾರೆ. ಒಂದು ಶನಿವಾರ ಹುಡುಗಿ ಚಪ್ಪಲಿ ಪೆಟ್ಟಿಗೆಯೊಂದನ್ನು ಹಿಡಿದು ಬಂದಳು. ಮುಚ್ಚಳದಲ್ಲಿ ಕಿಟಕಿ ಕೊರೆದಿತ್ತು, ಪಕ್ಕದಲ್ಲಿ ಕಣ್ಣಿಡಲು ತೂತು.

"ಅಜ್ಜಿ, ಒಂದು ಬಂಗಡೆ ಕೊಡೇ."

"ಎಂತಕ್ಕೆ? ಬೆಕ್ಕಿಗೆ ಹಾಕೂಕಾ?"

"ಪ್ರಯೋಗಕ್ಕೆ. ಮನೇಲಿದ್ದ ಸಾಮಾನು ಒಳಗಿಟ್ಟು ನೋಡ್ಕಂಡು ಬನ್ನಿ ಅಂದಾರೆ ಅಕ್ಕೋರು. ಆದ್ರೆ ಮೊದ್ಲು ಹೇಳ್ಬೇಕು, ಆಮೇಲೆ ನೋಡ್ಬೇಕು. ಹೇಳು, ಹೇಂಗೆ ಕಾಣ್ತದೆ?"

"ಬಂಗಡೆ ಬಂಗಡೆ ಹಾಂಗೇ ಕಾಣ್ತದೆ. ನವಿಲಿನ ಹಾಂಗೆ ಕಾಣ್ತದಾ?"

ದೀಕ್ಷಾ ಮೀನಿನ ಕಿವಿರು ಬಿಡಿಸಿ ಪೆಟ್ಟಿಗೆಯಲ್ಲಿಟ್ಟು, ಕಿಟಕಿಗೆ ನೀಲಿ ಪಾರದರ್ಶಕ ಕಾಗದ ಹೊದಿಸಿ, ಅಂಗಳದ ಬಿಸಿಲಿನಲ್ಲಿ ಇಟ್ಟಳು. ತಿಮ್ಮಿ ಕಣ್ಣಿಟ್ಟಳು. ಕಿವಿರು ಕಪ್ಪು! ಹುಡುಗಿ ಕಾಗದ ಬದಲಿಸಿ ಕೆಂಪು ಹೊದಿಸಿದಳು. ದಾಸವಾಳ!

"ಸೂರ್ಯನ ಬೆಳಕಲ್ಲಿ ಎಲ್ಲ ಬಣ್ಣನೂ ಕೂಡ್ಕಂಡು ಇರ್ತದಂತೆ," ದೀಕ್ಷಾ ಪಾಠ ಒಪ್ಪಿಸಿದಳು. "ಕೆಂಪು ಸಾಮಾನು ಕೆಂಪು ಬೆಳಕನ್ನ ನಮ್ಮ ಕಣ್ಣಿಗೆ ವಾಪಸ್ ಕೊಡೂದು. ನೀಲಿ ಕಾಗದ ಕೆಂಪನ್ನ ಒಳಗೇ ಬಿಡೂದಿಲ್ಲ. ಮತ್ತೆ ಎಂತ ಕೊಡ್ತದೆ? ಅದ್ಕೇ ಕಪ್ಪು."

ತಿಮ್ಮಿ ಪೆಟ್ಟಿಗೆಯಿಂದ ಕಣ್ಣು ತೆಗೆಯಲಿಲ್ಲ. ಅವಳಿಗೆ ಕಂಡದ್ದು ಕಾಗದವಲ್ಲ, ಕೊಡೆ. "ಹೊನ್ನೀ, ಸಿಕ್ಕಿಬಿದ್ಯೇ," ಎಂದಳು ತೂತಿನೊಳಗೇ. "ಮಗಾ, ನಾಳೆ ಪೇಟೆಗೆ ಬಾ. ಎಲ್ಲರ ಎದುರು ಇದನ್ನೇ ಮಾಡಿ ತೋರ್ಸು."

ಭಾನುವಾರ ಪೇಟೆ ತುಂಬಿತ್ತು. ಉದಯ ಮಾಸ್ತರರು ಕೈಚೀಲ ಹಿಡಿದು ಕೆಂಪು ಕೊಡೆಯತ್ತ ನಡೆಯುವುದನ್ನೇ ಕಾದಿದ್ದ ತಿಮ್ಮಿ ಕೂಗಿದಳು: "ಮಾಸ್ತರ್ರೇ, ಮೊಮ್ಮಗಳ ಪ್ರಯೋಗ ನೋಡ್ಕಂಡು ಹೋಗಿ!"

ದೀಕ್ಷಾಳಿಗೆ ಪೆಟ್ಟಿಗೆಯೇ ಬೇಕಾಗಲಿಲ್ಲ. ಹೊನ್ನಮ್ಮನ ಒಂದು ಬಂಗಡೆಯನ್ನು ಕೇಳಿ ಪಡೆದು ತಾಡಪತ್ರಿಯ ಕೆಳಗೆ ಹಿಡಿದಳು, ಕಿವಿರು ಕಪ್ಪಾಯಿತು. ಅಜ್ಜಿಯ ಬಂಗಡೆಯನ್ನು ಕೊಡೆಯ ಕೆಳಗೆ ಹಿಡಿದಳು, ಕೆಂಪಾಯಿತು. ಆಮೇಲೆ ಎರಡನ್ನೂ ಬಿಸಿಲಿಗೆ ತಂದಳು. ಯಾವುದು ಯಾರದೆಂದು ದೇವರಿಗೂ ತಿಳಿಯುವಂತಿರಲಿಲ್ಲ.

"ಇಷ್ಟು ದಿನ ನಮ್ಗೆ ಕೊಡೆ ಮಾರ್ದ್ಯೇನೇ ಹೊನ್ನಮ್ಮಾ!" ಎಂದು ಯಾರೋ ಕೂಗಿದರು. ಜನ ನಕ್ಕರು. ತಿಮ್ಮಿ ಹೊನ್ನಮ್ಮನ ಮುಖ ಇಳಿಯುವುದನ್ನು ನೋಡಲು ಕಾದಳು.

ಹೊನ್ನಮ್ಮ ಮೀನನ್ನು ನೋಡಿದಳು, ತಲೆಯೆತ್ತಿ ಕೊಡೆಯನ್ನು ನೋಡಿದಳು, ಬಾಯಿಗೆ ಸೆರಗು ಹಿಡಿದು ಎಲ್ಲರಿಗಿಂತ ಜೋರಾಗಿ ನಕ್ಕಳು. "ಅಯ್ಯೋ ದೇವ್ರೇ, ನಾನು ನನ್ನ ಕೈಗುಣ ಅಂದ್ಕಂಡು ಮೆರೀತಿದ್ನಲ್ಲೇ!" ಎಂದು ಕೊಡೆ ಮಡಚಿಯೇಬಿಟ್ಟಳು. "ತಿಮ್ಮಕ್ಕಾ, ನಿಂದೂ ಬಿಚ್ಚು. ಸಮ ಆಗ್ಲಿ."

ತಿಮ್ಮಿ ತಾಡಪತ್ರಿ ಎಳೆದು ಹಾಕಿದಳು. ಈಗ ಇಬ್ಬರ ತಲೆಯ ಮೇಲೂ ಒಂದೇ ಬಿಸಿಲು.

"ಅಜ್ಜಿ, ಮೊದ್ಲು ಹೇಳು," ದೀಕ್ಷಾ ಕಿವಿಯಲ್ಲಿ ಪಿಸುಗುಟ್ಟಿದಳು. "ಮಾಸ್ತರ್ರು ಯಾರ ಹತ್ರ ಬತ್ತಾರೆ?"

"ನನ್ನ ಹತ್ರ. ಮತ್ಯಾರ ಹತ್ರ?"

ಮಾಸ್ತರರು ಎರಡೂ ಬುಟ್ಟಿಗಳ ನಡುವೆ ನಿಂತರು. "ಹಲ್ಲುನೋವು ಹೇಂಗಿದೆ ಮಾಸ್ತರ್ರೇ? ಲವಂಗ ಇಟ್ರಾ?" ಎಂದಳು ಹೊನ್ನಮ್ಮ. ಮಾಸ್ತರರು ದವಡೆ ಮುಟ್ಟಿಕೊಂಡು ಅವಳ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತರು.

ತಿಮ್ಮಿ ಬುಟ್ಟಿಯ ಅಂಚಿಗೆ ಬಡಿದಳು. "ಮೀನು ಒಂದೇ ಅಂತ ಈಗಷ್ಟೇ ಕಂಡ್ರಲ್ಲ! ಮತ್ತೂ ಅಲ್ಲೇ?"

"ಮೀನು ಒಂದೇ ಹೌದು ತಿಮ್ಮಿ," ಎಂದರು ಮಾಸ್ತರರು ತಗ್ಗಿದ ದನಿಯಲ್ಲಿ. "ಬರಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ನಿನ್ನ ಬಾಯಿಗೆ ಹೆದರಿಕೆ ಮಾರಾಯ್ತಿ."

ಬಿಸಿಲು ಏರುತ್ತಿತ್ತು, ಮೀನಿನ ಮೈ ಬಿಗಿಯತೊಡಗಿತ್ತು. ಹೊನ್ನಮ್ಮ ಕೊಡೆ ಬಿಚ್ಚಿದಳು, ಈ ಸಲ ಕೋಲನ್ನು ಇತ್ತ ವಾಲಿಸಿ ನೆಟ್ಟಳು. "ಬುಟ್ಟಿ ಈಚೆ ಸರ್ಸೇ ತಿಮ್ಮಕ್ಕ. ಒಣಗಿಸಿ ಮಾರ್ತ್ಯಾ?"

ಹೊನ್ನಿಯ ಅಳಿಯ ತಂದ ಕೊಡೆಯ ನೆರಳು! ತಿಮ್ಮಿ ಕಾಲಡಿ ಬಿದ್ದಿದ್ದ ತಾಡಪತ್ರಿಯನ್ನು ನೋಡಿದಳು. ಮೊಮ್ಮಗಳಾಗಲೇ ಬುಟ್ಟಿಯ ಆ ಕಡೆ ಹಿಡಿದಿದ್ದಳು. ಇಬ್ಬರೂ ಎಳೆದರು. ಅರ್ಧ ಬಂಗಡೆ ಕೆಂಪಾಯಿತು, ಅರ್ಧ ಬಿಸಿಲಲ್ಲೇ ಉಳಿಯಿತು.

ಮಾಸ್ತರರು ಚೀಲ ಎತ್ತಿಕೊಂಡು ಏಳುತ್ತಿದ್ದರು. ಅವರ ಹಲ್ಲುನೋವಿನ ಸುದ್ದಿಯೂ ಹೊನ್ನಿಗೇ ಮೊದಲು ಗೊತ್ತಾಯಿತಲ್ಲ ಎಂದು ತಿಮ್ಮಿಗೆ ಇನ್ನೂ ಉರಿಯುತ್ತಿತ್ತು. ಹೊನ್ನಿಗೆ ಗೊತ್ತಿಲ್ಲದ್ದು, ತನಗೆ ಮಾತ್ರ ಗೊತ್ತಿರುವುದು ಏನಿದೆ? ಗಂಟಲು ಸರಿಮಾಡಿಕೊಂಡಳು.

"ಮಾಸ್ತರ್ರೇ, ನಿಮ್ಮನೆ ಅಮ್ಮೋರು ಬಸ್ರಿದ್ದಾಗ ನೊಗಲಿ ಮೀನು ಒಂದು ಬಿಟ್ರೆ ಬೇರೆ ಮುಟ್ತಿರ್ಲಿಲ್ಲ. ಈಗ್ಲೂ ಹಾಂಗೇನಾ?"

ಮಾಸ್ತರರು ತಿರುಗಿ ನಿಂತರು. "ಅದು ನಿನಗಿನ್ನೂ ನೆನಪಿದೆಯೇನೇ?"

"ಇಲ್ದೆ? ನಮ್ಮತ್ತೆ ಬೇಲೆಕೇರಿಗೆ ನಡ್ಕಂಡು ಹೋಗಿ ತರ್ತಿತ್ತು," ಎಂದಳು ತಿಮ್ಮಿ, ಹೊನ್ನಮ್ಮನಿಗೂ ಕೇಳಿಸಲೆಂದು ತುಸು ದೊಡ್ಡದಾಗಿಯೇ. "ನಾಳೆ ಬನ್ನಿ. ಬೈಯೂದಿಲ್ಲ."