ಲೋಟದ ತಳ

ಎದುರಿಗೆ ಕೂತ ಹೆಂಗಸಿನ ಚೀಲದಿಂದ ಮೆಂತ್ಯ ಸೊಪ್ಪಿನ ತುದಿಯೊಂದು ಹೊರಗೆ ಚಾಚಿಕೊಂಡು, ಲೋಕಲ್ ರೈಲು ಕುಲುಕಿದಾಗೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಿತ್ತು, ಜ್ಯೋತ್ಸ್ನಾ ಅದನ್ನೇ ನೋಡುತ್ತಿದ್ದಳು, ನೋಡುತ್ತಿದ್ದೇನೆ ಎಂಬುದಷ್ಟೇ ಗೊತ್ತಿತ್ತು, ಅದರಾಚೆಗೆ ಏನೂ ಇರಲಿಲ್ಲ, ತೊಡೆಯ ಮೇಲೆ ಪುಟ್ಟ ಫ್ಲಾಸ್ಕು, ಒಂದು ಲೋಟ ಹಾಲು ಹಿಡಿಯುವಂಥದ್ದು, ಅದರ ಬಿಸಿ ಸೀರೆ ದಾಟಿ ತಾಗುತ್ತಿದೆ ಅನಿಸುತ್ತದೆ, ಮುಟ್ಟಿ ನೋಡಿದರೆ ತಣ್ಣಗೆ — ಪುಢೀಲ್ ಸ್ಟೇಷನ್ ಗೋರೆಗಾಂವ್ ಎಂದಿತು ಸ್ಪೀಕರು — ಒಳಗೆ ಹಾಲು ಕುಲುಕುತ್ತಿದೆ, ಕುಲುಕಲಿ, ಕುಲುಕಿದಷ್ಟೂ ಒಳ್ಳೆಯದು, ಪುಡಿ ತಳಕ್ಕೆ ಕೂರುವುದಿಲ್ಲ. ಪುಡಿ ಎಂದರೆ ತಮ್ಮ ಹಿತೇಶನ ಮಾತ್ರೆ, ಕೆಂಚು ಬಣ್ಣದ್ದು, ಕಾಗದದಲ್ಲಿ ಮಡಚಿ ಲಟ್ಟಣಿಗೆ ಉರುಳಿಸಿ ಅರೆದದ್ದು, ಮಳೆಗಾಲದಿಂದ ದಿನಾ ಬೆಳಿಗ್ಗೆ ಅವನ ಚಹಾಕ್ಕೆ ಅದನ್ನೇ ಹಾಕಿ ಕಲಕಿದ್ದಾಳೆ, ಅವನಿಗೆ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ, ಅವನು ಕುಡಿದಿಟ್ಟ ಕೂಡಲೇ ಲೋಟ ಎತ್ತಿ ನಲ್ಲಿಯ ಕೆಳಗೆ ಹಿಡಿಯಬೇಕು, ತಳದಲ್ಲಿ ಒಂದೆರಡು ಕೆಂಚು ಚೂರು ಅಂಟಿಕೊಂಡೇ ಇರುತ್ತವೆ, ಬೆರಳಿನಿಂದ ಉಜ್ಜಬೇಕು, ಅಕ್ಕ ಎಷ್ಟು ಚೊಕ್ಕಟ ಎಂದು ನಗುತ್ತಾನೆ, ಹೌದು ಹೌದು ಎನ್ನುತ್ತದೆ ಮೆಂತ್ಯ.

ಮೊದಲು ಅವನು ಲೋಟ ಓರೆ ಮಾಡಿ ನೋಡುತ್ತಿದ್ದ. ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವನು ಒಂದು ದಿನ ಎದ್ದು ನಿಂತು ಗಿರಾಕಿಗಳಿಗೆ ಚಟ್ನಿ ಮುಟ್ಟಬೇಡಿ, ಏನೋ ಬೆರೆಸಿದ್ದಾರೆ ಎಂದ, ಮನೆಗೆ ಬಂದ ಮೇಲೂ ಅದೇ, ನೀರಾದರೂ ಸರಿ, ಗಂಜಿಯಾದರೂ ಸರಿ, ಸ್ಟೀಲಿನ ಲೋಟವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓರೆ ಮಾಡಿ ತಳ ನೋಡುವುದು, ಮತ್ತೆ ಅವಳ ಮುಖ ನೋಡುವುದು, ನೀನು ಏನು ಹಾಕಿದ್ದು ಹೇಳು, ಏನೂ ಇಲ್ಲ ಹಿತೇಶ, ಸುಳ್ಳು, ತಾಟು ಗೋಡೆಗೆ ಬಡಿದ ಸದ್ದು, ಗೋಡೆಯ ಮೇಲಿನ ಸಾರಿನ ಕಲೆ ಇನ್ನೂ ಇದೆ. ಆಗ ಅವಳು ಏನೂ ಹಾಕಿರಲಿಲ್ಲ. ಆಮೇಲೆ ಆಸ್ಪತ್ರೆ, ಮಾತ್ರೆಗಳು, ಸದ್ದಡಗಿತು, ಅವನೂ ಅಡಗಿದ, ನಾಲಿಗೆ ದಪ್ಪ, ದಿಂಬಿನ ಮೇಲೆ ಜೊಲ್ಲು, ನಡುಗುವ ಕೈ ಎತ್ತಿ ಅಕ್ಕ, ಇದು ಯಾರ ಕೈ ಎಂದು ಕೇಳಿದ್ದ, ತಮಾಷೆಗಲ್ಲ, ಭಜನೆಯಲ್ಲಿ ತಾಳ ಹಿಡಿದರೆ ತಪ್ಪುತ್ತಿತ್ತು. ಮಾತ್ರೆ ತಿನ್ನಿಸಿ ತಿನ್ನಿಸಿ ನನ್ನ ಮಗನನ್ನು ಮರದ ಗೊಂಬೆ ಮಾಡಿದಿರಿ ಎಂದಳು ಅಮ್ಮ ಶೀಲಾವತಿ, ಸೋಲುವವಳಲ್ಲ ಅವಳು, ಜೋಯಿಸರಾದ ಬಲ್ಯಾಯರ ಹತ್ತಿರ ಪ್ರಶ್ನೆ ಇಡಿಸಿ ಕವಡೆ ಹಾಕಿಸಿ ಬಂದಳು, ತೀರಿಸದೆ ಬಿಟ್ಟ ಹರಕೆ ಉಂಟಂತೆ, ಹುಡುಗ ಮಾಲೆ ಹಾಕಿ ಬೆಟ್ಟಕ್ಕೆ ಹೋಗಬೇಕಂತೆ, ಹಿತೇಶ ಅವತ್ತೇ ಮಾತ್ರೆಯ ಪಟ್ಟಿಗಳನ್ನು ಕಿಟಕಿಯಿಂದ ಎಸೆದ, ಎರಡು ವಾರ ನಗುನಗುತ್ತಿದ್ದ, ಮತ್ತೆ ಒಂದು ರಾತ್ರಿ ಲೋಟ ಓರೆಯಾಯಿತು. ಮಾರನೆಯ ಬೆಳಿಗ್ಗೆ ಹೊಸ ಪಟ್ಟಿ ತಂದು ಲಟ್ಟಣಿಗೆ ಹಿಡಿದದ್ದು ಅವಳ ಕೈಯೇ, ಮೊದಲಿನ ಅರ್ಧದಷ್ಟು ಸಾಕು ಎಂದು ತಾನೇ ಲೆಕ್ಕ ಹಾಕಿದ್ದು, ಅವನು ಹೇಳುತ್ತಿದ್ದ ಸುಳ್ಳನ್ನು ಅವಳು ನಿಜ ಮಾಡಿದ್ದು, ಅವನು ತಳ ನೋಡುವುದನ್ನು ಬಿಟ್ಟದ್ದೂ ಅದರಿಂದಲೇ — ಅಗಲಾ ಸ್ಟೇಷನ್ ರಾಮ್ ಮಂದಿರ್ — ನೋಡು, ಹರಕೆ ಹೇಳಿಕೊಂಡದ್ದೇ ಸರಿಹೋದ ಎಂದಳು ಅಮ್ಮ, ಹೌದಮ್ಮ ಎಂದಳು ಇವಳು.

ಕದ್ದುಮುಚ್ಚಿ ಕೊಡಬೇಡಿ, ಡಾಕ್ಟರ್ ಹಿಂದಿಯಲ್ಲಿ ಮೆಲ್ಲಗೆ ಹೇಳಿದ್ದರು, ಗೊತ್ತಿದ್ದು ತೆಗೆದುಕೊಂಡರೆ ಮಾತ್ರ ಅವನದ್ದಾಗುತ್ತದೆ, ಕೈ ನಡುಗುವುದಕ್ಕೆ ಬೇರೆ ಮಾತ್ರೆ ಇದೆ, ಅವನನ್ನು ಕರೆದುಕೊಂಡು ಬನ್ನಿ, ಮಾತಾಡೋಣ, ಮತ್ತು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಮೊದಮೊದಲು ಏನೂ ಕಾಣುವುದಿಲ್ಲ, ಆಮೇಲೆ ಕಾಯಿಲೆ ತಿರುಗಿ ಬರುತ್ತದೆ. ಹೇಗೆ ಹೇಳುವುದು, ನೀನು ಸಂಶಯಪಟ್ಟದ್ದು ಸರಿ ಎಂದು ಸಂಶಯವೇ ಕಾಯಿಲೆಯಾದವನಿಗೆ ಹೇಗೆ ಹೇಳುವುದು. ಆಮೇಲೆ ಅವನು ಮಾಲೆ ಹಾಕಿದ, ಲೋಟ ತಟ್ಟೆ ಚಾಪೆ ತೆಗೆದುಕೊಂಡು ಜೋಗೇಶ್ವರಿಯ ಶಿಬಿರಕ್ಕೆ ಹೋದ, ವ್ರತದವರು ಮನೆಯಲ್ಲಿ ಬೇಯಿಸಿದ್ದು ತಿನ್ನುವಂತಿಲ್ಲ, ಚಹಾವೂ ಅಲ್ಲಿಯೇ, ಅಂದಿನಿಂದ ಪುಡಿ ಇಲ್ಲ, ಅವಳು ಇದನ್ನು ಯೋಚಿಸಿಯೇ ಇರಲಿಲ್ಲ, ಎಲ್ಲ ಯೋಚಿಸುವವಳು. ಇವತ್ತು ಬೆಳಿಗ್ಗೆ ಅಮ್ಮ ಬಾಳೆಹಣ್ಣು ಕಟ್ಟುತ್ತ, ಹಾಲು ಹಣ್ಣಿಗೆ ದೋಷ ಇಲ್ಲವಂತೆ, ನಾಳೆ ಇರುಮುಡಿ ಕಟ್ಟಿ ಹೊರಡುತ್ತಾನೆ, ನೀನೂ ಒಮ್ಮೆ ಮುಖ ತೋರಿಸಿ ಬಾ ಎಂದಳು — ಹಾಲು, ಎಂದುಕೊಂಡಳು ಜ್ಯೋತ್ಸ್ನಾ, ಸಂತೋಷವೂ ಆಗಲಿಲ್ಲ ಭಯವೂ ಆಗಲಿಲ್ಲ, ಮಾತ್ರೆ ತಿನ್ನದೆಯೇ ತಾನು ಹೀಗಾದದ್ದು ಯಾವಾಗ.

ಶಿಬಿರವೆಂದರೆ ಲೇತ್ ಮಷಿನಿನ ಗಾಲಾದ, ಆ ಪುಟ್ಟ ವರ್ಕ್‌ಶಾಪಿನ, ಪಕ್ಕ ತಗಡಿನ ಚಪ್ಪರ, ಗ್ರೀಸು ಮತ್ತು ಕರ್ಪೂರದ ವಾಸನೆ ಒಟ್ಟಿಗೆ, ಕಪ್ಪು ಪಂಚೆಗಳು, ಗಡ್ಡಗಳು, ನಡುವೆ ಗುರುಸ್ವಾಮಿ ಶಶಿಕಾಂತ, ಗಾಲಾದ ಮಾಲಕರೂ ಅವರೇ, ಬನ್ನಿ ಬನ್ನಿ, ಫ್ಲಾಸ್ಕಿನಲ್ಲಿ ಎಂತ ತಂದದ್ದು, ಹಾಲಾ, ನಮಗೆಲ್ಲ ಇಲ್ವಾ, ಅಕ್ಕನಿಗೆ ತಮ್ಮ ಒಬ್ಬನೇ ಸ್ವಾಮಿ, ನಾವು ಬರೀ ಶಶಿಕಾಂತ, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ತುಟಿ ಅಗಲವಾದದ್ದು ಗೊತ್ತಾಗುತ್ತದೆ. ಹಿತೇಶ ಎದ್ದು ಬಂದ. ತೆಳ್ಳಗಾಗಿದ್ದಾನೆ, ಕಣ್ಣು ಹೊಳೆಯುತ್ತಿದೆ, ಅಲ್ಲಿ ಎಲ್ಲರ ಕಣ್ಣೂ ಹೊಳೆಯುತ್ತಿದೆ, ನಿದ್ದೆ ಬರುತ್ತದಾ ಸ್ವಾಮಿ, ವ್ರತದಲ್ಲಿ ತಮ್ಮನನ್ನೂ ಸ್ವಾಮಿ ಅನ್ನಬೇಕು, ನಿದ್ದೆ ಎಂತಕ್ಕೆ ಅಕ್ಕ, ಇಲ್ಲಿ ಯಾರು ಮಲಗುತ್ತಾರೆ ಕೇಳು, ನಿಜ, ಯಾರೂ ಮಲಗುವುದಿಲ್ಲ, ಎಲ್ಲರೂ ನಸುಕಿನಲ್ಲೇ ತಣ್ಣೀರು ಹುಯ್ದುಕೊಳ್ಳುತ್ತಾರೆ, ಎಲ್ಲರೂ ಕಾಣದವನ ಹೆಸರು ಕೂಗುತ್ತಾರೆ, ಇದರಲ್ಲಿ ಭಕ್ತಿ ಎಷ್ಟು, ತಿರುಗಿ ಬರುತ್ತಿರುವುದು ಎಷ್ಟು, ಇಷ್ಟು ವರ್ಷ ಅವನ ಮುಖ ಓದಿದವಳಿಗೆ ಒಂದಕ್ಷರ ಹತ್ತುತ್ತಿಲ್ಲ. ಕೈ ಚಾಚಿ ತೋರಿಸಿದ, ನೋಡು, ಒಂಚೂರೂ ನಡುಗುವುದಿಲ್ಲ, ತಾಳ ತಪ್ಪುವುದಿಲ್ಲ, ಇದು ನನ್ನದೇ ಕೈ ಅಕ್ಕ. ಹೌದು, ನಡುಗುತ್ತಿರಲಿಲ್ಲ. ಫ್ಲಾಸ್ಕು ತೆಗೆದುಕೊಂಡು ಮನೆಯಿಂದ ಒಯ್ದ ಅದೇ ಸ್ಟೀಲ್ ಲೋಟಕ್ಕೆ ಹಾಲು ಪೂರ್ತಿ ಬಗ್ಗಿಸಿದ, ನಾಳೆ ಹೊರಡುವ ಮೊದಲು ಮನೆಯವರ ಹತ್ತಿರ ತಪ್ಪಾಯಿತು ಅಂತ ಹೇಳಬೇಕಂತೆ, ಗುರುಸ್ವಾಮಿ ಹೇಳಿದ್ದು, ಅಮ್ಮನ ಹತ್ತಿರ ಹೇಳಿ ಆಯ್ತು, ನಿನ್ನದು ಒಂದು ಉಂಟು — ಬೇಡ ಹಿತೇಶ, ಬೇಡ ಸ್ವಾಮಿ — ಇಲ್ಲ, ಕೇಳು, ನೀನು ಊಟಕ್ಕೆ ಏನೋ ಹಾಕುತ್ತೀ ಅಂದೆನಲ್ಲ, ತಾಟು ಎಸೆದೆನಲ್ಲ, ನನಗೆ ಬಡಿಸುವ ಕೈಯ ಮೇಲೆಯೇ ಸಂಶಯಪಟ್ಟೆ, ತಪ್ಪಾಯಿತು ಅಕ್ಕ. ಹೇಳುತ್ತ ನಕ್ಕ, ಚಿಕ್ಕವನಿದ್ದಾಗಿನ ನಗು, ತಳ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ, ಕಣ್ಣು ಮುಚ್ಚಿ ಲೋಟ ತುಟಿಗೆ ತಂದ.

ಕೈ ಹೋಯಿತು, ಅವಳದ್ದೇ, ಲೋಟ ಕಸಿದುಕೊಂಡದ್ದು ಹಾಲು ಬೆರಳಿಗೆ ತುಳುಕಿದ ಮೇಲೆ ಗೊತ್ತಾಯಿತು, ಗಟಗಟ ಕುಡಿದಳು, ಬೆಚ್ಚಗೆ, ಸಕ್ಕರೆ, ಕೊನೆಗೆ ಕಹಿ, ಹೇ, ನನಗೆ ತಂದದ್ದಲ್ವಾ ಮಾರಾಯ್ತಿ ಎಂದು ಹಿತೇಶ ಬಾಯಿಬಿಟ್ಟು ನಿಂತ, ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಾಣುತ್ತದೆ, ಎರಡು ಬಾಳೆಹಣ್ಣೂ ಕೊಡು ನಿನ್ನ ಅಕ್ಕನಿಗೆ ಎಂದು ಗುರುಸ್ವಾಮಿ ಆಚೆಯಿಂದ, ಮತ್ತೆ ನಗು. ಇರಲಿ ಸ್ವಾಮಿ, ನಾನೇ ತೊಳೆಯುತ್ತೇನೆ, ಅವಳು ಲೋಟವನ್ನು ಎದೆಗೆ ಒತ್ತಿ ಹಿಡಿದಿದ್ದಳು, ಇಲ್ಲ ಅಕ್ಕ, ವ್ರತದಲ್ಲಿ ನಮ್ಮ ಪಾತ್ರೆ ನಾವೇ ತೊಳೆಯಬೇಕು, ಬಿಡು, ಬೆರಳು ಒಂದೊಂದಾಗಿ ಬಿಡಿಸಿ ತೆಗೆದುಕೊಂಡ, ಮೆಲ್ಲಗೆ, ಮಗುವಿನ ಕೈಯಿಂದ ತೆಗೆದುಕೊಳ್ಳುವ ಹಾಗೆ, ನಲ್ಲಿಯ ಕಡೆ ನಡೆದ, ನೀರು ಬಿಡು, ನೀರು ಬಿಡು ಹಿತೇಶ, ನಲ್ಲಿಯ ಮೇಲೆ ಟ್ಯೂಬ್‌ಲೈಟು, ಅದರ ಸುತ್ತ ಹುಳ, ನಲ್ಲಿಗೆ ಹೋದ ಕೈ ಅಲ್ಲೇ ನಿಂತಿತು, ನಡುಗದ ಕೈ, ಹಿಂದೆ ಭಜನೆ ಶುರುವಾಯಿತು, ತಾಳ ಶುರುವಾಯಿತು, ಅವನು ಲೋಟ ಎತ್ತಿದ, ಬೆಳಕಿನ ಕೆಳಗೆ ಹಿಡಿದ, ಓರೆ ಮಾಡಿದ, ಆಮೇಲೆ ಅವಳ ಮುಖ, ಮತ್ತೆ ಲೋಟ, ಓರೆಯಾದ ಲೋಟ, ತಳದಲ್ಲಿ ಬೆಳಕು, ಬೆಳಕಿನಲ್ಲಿ ಕೆಂಚು ಚೂರು, ಓರೆಯಾದ ಲೋಟ —