ಕೀಲಿಗೆ ಕಟ್ಟಿದ ದೇವರು

ಕಡಲಂಚಿನಲ್ಲಿ ಸಿಂಪಿ ಬೆಳೆಯುವ ಊರು. ಅಲ್ಲಿ ಚುಯ್‌ಲಾಯ್ ಮುದುಕನ ಬೈಕು ಮನಸ್ಸು ಬಂದರೆ ಸ್ಟಾರ್ಟ್ ಆಗುವುದು, ಬಾರದಿದ್ದರೆ ಇಲ್ಲ. ಮದುವೆಯಾದ ವರ್ಷ ಕೊಂಡದ್ದು, ಅಂದಿನಿಂದ ಸಿಂಪಿಯ ಮೂಟೆ ಹೊತ್ತದ್ದು. ಅವನ ಪಾಲಿಗೆ ಅದು ಕೊಟ್ಟಿಗೆಯ ಹಿರಿಯ ಕೋಣವಿದ್ದ ಹಾಗೆ.

ಹೆಂಡತಿ ಗೋಕ್‌ಹಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಭೂಮಿದೇವರ ಹಬ್ಬದೊಳಗೆ ಇದು ನೆಟ್ಟಗಾಗ್ಲಿಲ್ಲ ಅಂದ್ರೆ ಗುಜರಿಯವನಿಗೆ ಕೊಡ್ತೀನಿ. ನೀವೂ ಮೇಲೆ ಹತ್ತಿ ಕೂತ್ಕೊಳ್ಳಿ, ತೂಕಕ್ಕಾಗುತ್ತೆ."

ಮುದುಕ ಬೈಕನ್ನು ತಳ್ಳಿಕೊಂಡು ಮೆಕ್ಯಾನಿಕ್ ಬೂನ್‌ಕೀಯ ಅಂಗಡಿಗೆ ಹೋದ. ಬೂನ್‌ಕೀ ಭಕ್ತ. ಬೈಕಿನ ಕೀಲಿಗೆ ಮುದುಕ ಗುಡಿಗುಡಿಯಿಂದ ತಂದ ಕೆಂಪು ರಕ್ಷಾಚೀಲಗಳು ಜೋತಾಡುತ್ತಿದ್ದವು, ಒಂದೊಂದಕ್ಕೂ ಹಿತ್ತಾಳೆಯ ಗಂಟೆ. ತನ್ನ ಗ್ರೀಸಿನ ಕೈ ದೇವರಿಗೆ ತಾಕಬಾರದೆಂದು ಬೂನ್‌ಕೀ ಅವನ್ನೆಲ್ಲ ಮುದುಕನಿಂದಲೇ ಬಿಚ್ಚಿಸಿ, ಗೋಡೆಯ ದೇವರಗೂಡಿನ ಮೊಳೆಗೆ ತೂಗುಹಾಕಿಸಿ, ಆಮೇಲೆ ಕಿಕ್ ಹೊಡೆದ. ಒಂದೇ ಏಟಿಗೆ ಬೈಕು ಗುಡುಗಿತು.

"ಚೆನ್ನಾಗೇ ಇದೆಯಲ್ಲ ದೊಡ್ಡಪ್ಪ?"

"ಇಲ್ಲಿ ಚೆನ್ನಾಗಿರುತ್ತೆ ಕಣೋ. ಮನೇಲಿ ಅವಳ ಪಕ್ಷ ಸೇರ್ಕೊಳ್ಳುತ್ತೆ."

ಬೂನ್‌ಕೀ ಆದರೂ ಪ್ಲಗ್ ಬದಲಿಸಿ ಕೊಟ್ಟ. ಮುದುಕ ರಕ್ಷೆಗಳನ್ನು ಜೇಬಿಗಿಳಿಸಿ ಜುಮ್ಮನೆ ಮನೆಗೆ ಬಂದು, ಭಕ್ತಿಯಿಂದ ಮತ್ತೆ ಕೀಲಿಗೆ ಕಟ್ಟಿದ. ಮರುದಿನ ಬೈಕು ಕೆಮ್ಮಲೂ ಇಲ್ಲ. ಮತ್ತೆ ತಳ್ಳಿದ, ಅಂಗಡಿಯಲ್ಲಿ ಮತ್ತೆ ಅದೇ ಗುಡುಗು. ಈ ಸಲ ಬೂನ್‌ಕೀ ಕಾರ್ಬೊರೇಟರ್ ತೊಳೆದ. ಮನೆಗೆ ಬಂದರೆ ಮತ್ತೆ ಮೌನವ್ರತ.

ದಿಕ್ಕುಗಾಣದೆ ಮುದುಕ ಕಡಲದೇವತೆ ಮಾಜು ತಾಯಿಯ ಗುಡಿಯಲ್ಲಿ ಮೊಣಕಾಲೂರಿದ. "ತಾಯೀ, ಇನ್ನೊಂದು ರಕ್ಷೆ ಕಟ್ಟಿದ್ರೆ ಸರಿಹೋಗುತ್ತಾ?" ಎಂದು ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಟ್ಟ. ಒಂದು ಕವುಚಿ ಒಂದು ಅಂಗಾತ ಬಿದ್ದರೆ ಹೌದು, ಎರಡೂ ಕವುಚಿದರೆ ಇಲ್ಲ. ಬಿದ್ದದ್ದು ಎರಡೂ ಅಂಗಾತ. ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ, ತಾಯಿ ನಗುತ್ತಿದ್ದಾಳೆ.

"ಪ್ರಸನ್ನಳಾಗಿದ್ದಾಳೆ" ಅಂದುಕೊಂಡು ಮುದುಕ ಇನ್ನೊಂದು ರಕ್ಷೆ ತಂದು ಕಟ್ಟಿದ. ಬೈಕು ಇನ್ನಷ್ಟು ಹಟ ಹಿಡಿಯಿತು. ಮತ್ತೆ ಕೇಳಿದ, ತಾಯಿ ಮತ್ತೆ ನಕ್ಕಳು. ಹಬ್ಬದ ಹೊತ್ತಿಗೆ ಕೀಲಿಯಲ್ಲಿ ಬಾಳೆಗೊನೆಯಷ್ಟು ದೇವರು.

ಹಬ್ಬದ ಬೆಳಗ್ಗೆ ಗುಜರಿಯವನು ಗಾಡಿ ತಂದ.

"ರಕ್ಷೆ ಬಿಚ್ಚಿ. ದೇವರನ್ನ ಗುಜರಿಗೆ ಹಾಕಿದ ಪಾಪ ನನಗೆ ಬೇಡ," ಎಂದಳು ಗೋಕ್‌ಹಾ.

ಮುದುಕ ಒಂದೊಂದೇ ಗಂಟು ಬಿಚ್ಚಿ ಅವಳ ಮಡಿಲಿಗೆ ಹಾಕಿದ. ಕಣ್ಣು ಮಂಜಾಗಿತ್ತು. "ಕೊನೇದಾಗಿ ಒಂದ್ಸಲ ಕಿಕ್ ಹೊಡೀಲಾ?"

"ಹೊಡೀರಿ. ಕಾಲು ಮುರಿದ್ರೆ ಅದೂ ಇವರ ಗಾಡಿಗೇ."

ಬೈಕು ಗುಡುಗಿತು. ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು.

ಗುಜರಿಯವನು ಕೀಲಿಯನ್ನು ಬೆರಳಿನಿಂದ ಕೆಳಕ್ಕೆ ಜಗ್ಗಿದ, ಬೈಕು ಸತ್ತಿತು. ಬಿಟ್ಟು ಕಿಕ್ ಹೊಡೆದ, ಬದುಕಿತು. "ಅಕ್ಕಾ, ಕೀಲಿ ಕೂರೋ ಜಾಗ ಸವೆದಿದೆ. ಭಾರಕ್ಕೆ ಕರೆಂಟ್ ತಪ್ಪುತ್ತೆ. ಅಷ್ಟೂ ದೇವರು ಒಂದೇ ಕೀಲಿಗೆ ನೇತಾಡಿದ್ರೆ ಪಾಪ ಅದೇನ್ಮಾಡುತ್ತೆ?"

ಗಾಡಿ ಬರಿದಾಗಿ ಹೋಯಿತು. ಅಂದೇ ಸಂಜೆ ಗಂಡಹೆಂಡತಿ ಬೈಕೇರಿ ಗುಡಿಗೆ ಹೊರಟರು. ಹಿಂದೆ ಕುಳಿತ ಗೋಕ್‌ಹಾಳ ಕೊರಳಲ್ಲಿ ರಕ್ಷೆಗಳೆಲ್ಲ ಗಲಗಲ.

"ತಾಯೀ, ಮೊದ್ಲೇ ಹೇಳ್ಬಾರದಿತ್ತಾ?" ಎಂದು ಮುದುಕ ತುಂಡುಗಳನ್ನು ಬಿಟ್ಟ.

ಎರಡೂ ಅಂಗಾತ ಬಿದ್ದವು.